ಚೌರಿಯ ಪರವಾಗಿ

ಕೂದಲು ತೆಳ್ಳಗಿರುವ ಹೆಣ್ಣುಮಕ್ಕಳಿಗೆ ಇವತ್ತು ಎಲ್ಲರೂ ಕೊಡುವ ಸಲಹೆ ಎರಡೇ: ಎಣ್ಣೆ, ಇಲ್ಲವೇ ಎಕ್ಸ್‌ಟೆನ್ಷನ್. ಅಜ್ಜಿಯರು ಮೊದಲನೆಯದನ್ನು ಹೇಳುತ್ತಾರೆ, ಪಾರ್ಲರಿನವರು ಎರಡನೆಯದನ್ನು. ಎರಡಕ್ಕೂ ಅವುಗಳ ಯೋಗ್ಯತೆಗೆ ಮೀರಿದ ಹೆಸರು ಬಂದುಬಿಟ್ಟಿದೆ. ಇವೆರಡರ ನಡುವೆ ಬೀರುವಿನ ಕೆಳಖಾನೆಗೆ ಸೇರಿದ್ದು ಚೌರಿ. ತೆಳು ಕೂದಲನ್ನು ತುಂಬಿ ಕಾಣಿಸಲು ನಮ್ಮಲ್ಲಿರುವ ಉಪಾಯಗಳಲ್ಲಿ ಅತ್ಯಂತ ವಿವೇಕದಿಂದ ರೂಪುಗೊಂಡದ್ದು ಅದೇ ಎಂಬುದು ನನ್ನ ವಾದ. ಚೌರಿ ಎಂದರೇನೆಂದು ವಿವರಿಸಬೇಕಾಗಿಲ್ಲ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಯಾರೂ ಗಮನವಿಟ್ಟು ನೋಡಿದಂತೆ ಕಾಣುವುದಿಲ್ಲ. ಅದನ್ನು ನೋಡಬೇಕು.

ಎಣ್ಣೆಯ ಮಾತನ್ನು ಮೊದಲು ಮುಗಿಸುತ್ತೇನೆ. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೆ ಇಳಿದು, ತೊಳೆಯುವಾಗ ಬಾಚುವಾಗ ಪ್ರೋಟೀನು ಸೋರಿಹೋಗುವುದನ್ನು ತಗ್ಗಿಸುತ್ತದೆಂದು ರೇಲೆ ಮತ್ತು ಮೊಹಿಲೆ 2003ರಲ್ಲಿ ತೋರಿಸಿಕೊಟ್ಟರು. ಸೂರ್ಯಕಾಂತಿ ಎಣ್ಣೆಗಾಗಲಿ ಖನಿಜ ತೈಲಕ್ಕಾಗಲಿ ಆ ಗುಣ ಕಾಣಲಿಲ್ಲ. ಇದು ಇರುವ ಕೂದಲನ್ನು ಕಾಯುವ ಗುಣ. ಕಾಣುವ ದಟ್ಟತನದ ವಿಷಯಕ್ಕೆ ಬಂದರೆ ಎಣ್ಣೆ ಮಾಡುವುದು ತದ್ವಿರುದ್ಧ ಕೆಲಸ: ಸಣ್ಣ ಎಳೆಗಳನ್ನು ಒಂದಕ್ಕೊಂದು ಅಂಟಿಸಿ, ತಲೆಗೆ ಒತ್ತಿ ಮಲಗಿಸಿ, ನಡುವೆ ನೆತ್ತಿಯನ್ನು ಬಿಚ್ಚಿ ತೋರಿಸುತ್ತದೆ. ತೆಳು ಕೂದಲಿನವರು ಎಣ್ಣೆ ಹಚ್ಚಿ ತೊಳೆದುಕೊಳ್ಳಬೇಕು. ಹಚ್ಚಿಕೊಂಡೇ ಸಮಾರಂಭಕ್ಕೆ ಹೋಗಬಾರದು. ಈರುಳ್ಳಿ ರಸ, ಗರುಗದ ಸೊಪ್ಪು, ಇವುಗಳ ಹೆಸರಿನಲ್ಲಿ ಬರುವ ಬಾಟಲಿಗಳ ಬಗ್ಗೆ ಬೇರೆ ಮಾತು ಬೇಕಿಲ್ಲ. ನಿಜವಾಗಿ ಕೂದಲು ಬೆಳೆಸುವ ಔಷಧವೆಂದು ಸಾಕ್ಷ್ಯವಿರುವ ಮಿನಾಕ್ಸಿಡಿಲ್ ರಕ್ತದೊತ್ತಡದ ಮದ್ದಾಗಿ ಹುಟ್ಟಿದ್ದು. 1988ರಲ್ಲಿ ಅಮೆರಿಕದಲ್ಲಿ ತಲೆಗೆ ಹಚ್ಚಲು ಒಪ್ಪಿಗೆ ಪಡೆಯಿತು. ಅದು ವೈದ್ಯರ ಕ್ಷೇತ್ರ. ನನ್ನ ವಿಷಯ ಕಾಣುವಿಕೆ.

ಕಾಣುವಿಕೆಗೂ ಒಂದು ಲೆಕ್ಕವಿದೆ. ಜಡೆ ಸಣ್ಣದಾಯಿತೆಂದರೆ ಕೂದಲು ಉದುರಿತೆಂದೇ ಎಲ್ಲರೂ ತಿಳಿಯುತ್ತಾರೆ. ಆದರೆ ಒಂದೂ ಉದುರದೆ ಜಡೆ ಇಳಿಯಬಹುದು. 80 ಮೈಕ್ರಾನ್ ದಪ್ಪವಿದ್ದ ಎಳೆ 60ಕ್ಕೆ ಇಳಿದರೆ ಅದರ ಅಡ್ಡಕೊಯ್ತ ಕಾಲುಭಾಗವಷ್ಟೇ ಕಡಿಮೆಯಾಗುವುದಿಲ್ಲ, ಶೇ 44ರಷ್ಟು ಕಡಿಮೆಯಾಗುತ್ತದೆ. ತಲೆಯಲ್ಲಿ ಸುಮಾರು 1 ಲಕ್ಷ ಕೂದಲು ಹಾಗೇ ಇದ್ದರೂ ಮುಷ್ಟಿಯೊಳಗೆ ಸಿಗುವುದು ಹೆಚ್ಚುಕಡಿಮೆ ಅರ್ಧ. ಇನ್ನೊಂದು ಸಂಗತಿ, ಎಲ್ಲ ಕೂದಲೂ ಒಂದೇ ವಯಸ್ಸಿನವಲ್ಲ. ಒಂದೊಂದೂ ಎರಡರಿಂದ ಆರು ವರ್ಷ ಬೆಳೆದು, ನಿಂತು, ಬಿದ್ದುಹೋಗುತ್ತದೆ. ಆದ್ದರಿಂದ ಯಾವ ಗಳಿಗೆಯಲ್ಲಿ ನೋಡಿದರೂ ಕೆಲವು ಬೆನ್ನಿನವರೆಗೆ, ಕೆಲವು ಭುಜದವರೆಗೆ, ಕೆಲವು ಕಿವಿಯ ಮಟ್ಟದಲ್ಲಿ ಇರುತ್ತವೆ. ಕೆಳಗಿಳಿದಂತೆ ಜಡೆಯಲ್ಲಿ ಉಳಿಯುವ ಎಳೆಗಳ ಸಂಖ್ಯೆ ಕಡಿಮೆಯಾಗುತ್ತಾ ಹೋಗುತ್ತದೆ. ಜನ ಇಲಿಬಾಲ ಎಂದು ಕರೆದು ನೋಯಿಸುವುದು ಇದನ್ನೇ. ಕೊರತೆ ಇರುವುದು ಬುಡದಲ್ಲಿ ಮಾತ್ರವಲ್ಲ. ಅದು ಕಣ್ಣಿಗೆ ಬೀಳುವುದು ಜಡೆಯ ನಡುವಿನಿಂದ ಕೆಳಗೆ. ಚೌರಿ ಕೂದಲನ್ನು ಸೇರಿಸುವುದು ಅಲ್ಲಿಂದಲೇ.

ಒಂಟಿ ಬಾಲದ ಚೌರಿ ಇದೆ, ಮೂರು ಬಾಲದ್ದೂ ಇದೆ. ಒಂಟಿ ಬಾಲದ್ದನ್ನು ನಾನು ಸಮರ್ಥಿಸುವುದಿಲ್ಲ. ಅದು ಜಡೆಯ ಒಂದೇ ಪಾಲಿಗೆ ಸೇರುತ್ತದೆ. ಆ ಪಾಲು ಉಬ್ಬಿ ಉಳಿದೆರಡು ಬಡವಾಗುತ್ತವೆ, ಹೆಣಿಗೆ ಒಂದು ಕಡೆಗೆ ವಾಲುತ್ತದೆ. ಉದ್ದ ಸಿಗುತ್ತದೆ, ತುಂಬು ಸಿಗುವುದಿಲ್ಲ. ಮೂರು ಬಾಲದ ಚೌರಿಯ ತಲೆಯಲ್ಲಿ ಒಂದು ಗಂಟು, ಗಂಟಿನಿಂದ ಮೂರು ಬಾಲ. ಜಡೆಯ ಮೂರು ಪಾಲಿಗೆ ಒಂದೊಂದು. ನೋಡಲು ಇಷ್ಟು ಸರಳ. ಆದರೆ ಬಲ್ಲವರು ಅದನ್ನು ಕತ್ತಿನ ಬಳಿಯೇ ಕಟ್ಟಿಬಿಡುವುದಿಲ್ಲ. ಮೊದಲ ಎರಡು ಮೂರು ಹೆಣಿಗೆಗಳನ್ನು ಸ್ವಂತ ಕೂದಲಿನಲ್ಲೇ, ಬಿಗಿಯಾಗಿ ಹಾಕುತ್ತಾರೆ. ಆಮೇಲೆ ಚೌರಿಯ ಗಂಟನ್ನು ಬೆನ್ನಿನ ಕಡೆಗೆ, ನಡುವಿನ ಪಾಲಿನ ಅಡಿಗೆ ತರುತ್ತಾರೆ. ಮುಂದಿನ ಹೆಣಿಗೆ ಬಂದು ಗಂಟನ್ನು ಮುಚ್ಚುತ್ತದೆ. ಅಲ್ಲಿಂದ ಕೆಳಗೆ ಪ್ರತಿ ಪಾಲಿನಲ್ಲೂ ಚೌರಿ ಒಳಗೆ, ತನ್ನ ಕೂದಲು ಹೊರಗೆ. ಬಾಲವನ್ನು ಅಡಿಗಿಟ್ಟು, ಸ್ವಂತ ಎಳೆಯನ್ನು ಅದರ ಮೇಲೆ ಹರಡಿ ಹಿಡಿದು ಹೆಣೆಯಬೇಕು. ಕೆಳಗಿಳಿದಂತೆ ಸ್ವಂತ ಕೂದಲು ಕರಗುತ್ತದೆ, ಚೌರಿ ಆ ಜಾಗವನ್ನು ತುಂಬುತ್ತದೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಹೇಳುವಂಥ ಗೆರೆ ಎಲ್ಲೂ ಇಲ್ಲ.

ಈ ಗೆರೆಯಿಲ್ಲದಿರುವಿಕೆಯೇ ಚೌರಿಯ ಸಾಧನೆ. ಅದನ್ನು ಅಳೆಯಲು ನನಗಿರುವ ಮಾನದಂಡವೂ ಇದೇ. ಒಳ್ಳೆಯ ಚೌರಿಯ ಬಾಲ ಗಂಟಿನ ಬಳಿ ತೆಳ್ಳಗಿದ್ದು, ಒಂದು ಗೇಣು ಕೆಳಗೆ ತುಂಬಿಕೊಂಡು, ತುದಿಗೆ ಮತ್ತೆ ಸಣ್ಣದಾಗಬೇಕು. ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪವಿರುವ ಚೌರಿ ಕೆಟ್ಟ ಚೌರಿ. ಅದು ಸೇರಿದ ಕಡೆ ಜಡೆ ಹಠಾತ್ತನೆ ಉಬ್ಬಿ, ಮೆಟ್ಟಿಲು ಬಿದ್ದದ್ದು ಎರಡು ಮಾರು ದೂರದಿಂದಲೇ ಕಾಣುತ್ತದೆ. ಚೌರಿಗೆ ಬಂದ ಕೆಟ್ಟ ಹೆಸರಿನ ಬಹುಭಾಗ ಇಂಥ ಕೆಟ್ಟ ಚೌರಿಗಳದ್ದು.

ಒಳಗೆ ಚೌರಿ ಎಂಬ ಕ್ರಮಕ್ಕೆ ಮರೆಮಾಚುವುದೊಂದೇ ಕಾರಣವಲ್ಲ. 2012ರಲ್ಲಿ ಗೋಲ್ಡ್‌ಸ್ಟೀನ್, ಬಾಲ್, ವಾರೆನ್ ಎಂಬ ಮೂವರು ಭೌತವಿಜ್ಞಾನಿಗಳು ಪೋನಿಟೇಲಿನ ಆಕಾರಕ್ಕೊಂದು ಸಮೀಕರಣ ಕಂಡುಕೊಂಡರು. ಕೂದಲ ಕಟ್ಟು ಉಬ್ಬಿಕೊಳ್ಳುವುದು ಎಳೆಗಳ ಸಂಖ್ಯೆಯೊಂದರಿಂದಲೇ ಅಲ್ಲ, ಒಂದೊಂದು ಎಳೆಗೂ ಇರುವ ಬೇರೆಬೇರೆ ಬಾಗು ಪಕ್ಕದ ಎಳೆಯನ್ನು ಹೊರಕ್ಕೆ ತಳ್ಳುವುದರಿಂದ ಎಂಬುದು ಅದರ ತಿರುಳು. ನುಣುಪಾದ, ನೇರವಾದ, ಸಣ್ಣ ಕೂದಲಿಗೆ ಆ ತಳ್ಳುವ ಶಕ್ತಿ ಕಡಿಮೆ. ಕಟ್ಟಿದೊಡನೆ ಕುಗ್ಗಿ ಕೂರುತ್ತದೆ. ಹಲವು ಸಲ ಹೆಣೆದು ಬಿಚ್ಚಿದ ಚೌರಿಯಲ್ಲಿ ಹೆಣಿಗೆಯ ಅಲೆ ನಿಂತುಬಿಟ್ಟಿರುತ್ತದೆ. ಅಂಥ ಅಲೆಯಿರುವುದು ಒಳಗೆ ಕುಳಿತರೆ ಹೊರಗಿನ ನೇರ ಕೂದಲನ್ನು ತಳ್ಳಿ ಹಿಡಿಯುತ್ತದೆ. ಹಾಗಾಗಿ ಚೌರಿ ತನ್ನ ತೂಕಕ್ಕಿಂತ ಹೆಚ್ಚಿನ ತುಂಬನ್ನು ಕೊಡುತ್ತದೆ. ಇಸ್ತ್ರಿ ಮಾಡಿದಂತೆ ನೇರಗೊಳಿಸಿ ಮಾರುವ ಹೊಸ ಎಕ್ಸ್‌ಟೆನ್ಷನ್‌ಗಳನ್ನು ತೆಳು ಕೂದಲಿಗೆ ಸೇರಿಸಿದಾಗ ಉದ್ದ ಬಂದರೂ ಮೈ ಬಾರದಿರುವುದಕ್ಕೆ ಇದೇ ಕಾರಣವೆಂದು ನನ್ನ ತರ್ಕ.

ಇನ್ನು ಭಾರದ ಪ್ರಶ್ನೆ. ಕ್ಲಿಪ್ಪು, ಟೇಪು, ಬುಡಕ್ಕೆ ಅಂಟಿಸುವ ಕೆರಾಟಿನ್ ಹನಿ, ಇವೆಲ್ಲ ನೆತ್ತಿಯ ಹತ್ತಿರದ ಕೆಲವೇ ಎಳೆಗಳ ಮೇಲೆ ಹೊರೆ ಹೊರಿಸುತ್ತವೆ. ತೆಳು ಕೂದಲಿನವಳ ತಲೆಯಲ್ಲಿ ಹೊರೆ ತಾಳಲಾರದ್ದು ಅದೇ ಜಾಗ. ಕೂದಲನ್ನು ಬಹುಕಾಲ ಬಿಗಿಯಾಗಿ ಎಳೆದು ಕಟ್ಟಿದರೆ ಹಣೆಯಂಚಿನ ಕೂದಲು ಹೋಗುತ್ತದೆಂದು 1907ರಲ್ಲೇ ಗ್ರೀನ್‌ಲ್ಯಾಂಡಿನ ಹೆಂಗಸರ ವಿಷಯದಲ್ಲಿ ದಾಖಲಾಗಿದೆ. ಚೌರಿ ನೆತ್ತಿಯನ್ನು ಮುಟ್ಟುವುದೇ ಇಲ್ಲ. ಅದು ಜಡೆಯ ಮೈಗೆ ಕಟ್ಟಿಕೊಳ್ಳುತ್ತದೆ. ಅದರ ಭಾರ ತಲೆಯ ಎಲ್ಲ ಕೂದಲಿಗೂ ಹಂಚಿಹೋಗುತ್ತದೆ. ರಾತ್ರಿ ಬಿಚ್ಚಿಡಬಹುದು. ಹಾಗೆಂದು ಭಾರವಿಲ್ಲವೆಂದಲ್ಲ. ಮೊಗ್ಗಿನ ಜಡೆಗೆಂದು ಕಟ್ಟುವ ದಪ್ಪ ಚೌರಿಯ ಮೇಲೆ ಹೂವಿನ ಭಾರ, ಕುಚ್ಚಿನ ಭಾರ ಎಲ್ಲ ಕೂಡಿದರೆ ಸಂಜೆಯ ಹೊತ್ತಿಗೆ ಹುಡುಗಿಯ ಕತ್ತು ನೋಯುತ್ತದೆ. ಆದರೂ ಮೊಗ್ಗಿನ ಜಡೆಯ ಕೀರ್ತಿಯನ್ನೆಲ್ಲ ಮಲ್ಲಿಗೆಗೆ ಕೊಟ್ಟಿರುವುದು ಸರಿಯಲ್ಲ. ಮೊಗ್ಗು ಪೋಣಿಸಿದ ಪಟ್ಟಿಯನ್ನು ಹೊಲಿಯಲು ಗಟ್ಟಿ ಮೈಯುಳ್ಳ ಜಡೆ ಬೇಕು. ಹುಡುಗಿಯನ್ನು ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿ ಸ್ಟುಡಿಯೋಗಳಲ್ಲಿ ತೆಗೆಸಿದ ಫೋಟೋಗಳಲ್ಲಿ ಕಾಣುವ ಆ ಮೊಣಕಾಲುದ್ದದ ಹೂಜಡೆಗಳನ್ನು ಎಷ್ಟೋ ಸಲ ಹೊತ್ತು ನಿಂತದ್ದು ಒಳಗಿನ ಚೌರಿ.

ಕೂದಲಿನ ಗುಣದ ಬಗ್ಗೆ ಎರಡು ಮಾತು. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲು ಸಂಸ್ಕರಣೆ ದೊಡ್ಡ ಉದ್ಯಮವಾಗಿ ಬೆಳೆದಿದೆ. ತಿರುಮಲದ ಮುಡಿಯಂತೂ ಹರಾಜಾಗಿ ಹೊರದೇಶಗಳಿಗೆ ಹೋಗುತ್ತದೆ. ಮುಡಿ ಕೊಟ್ಟ ಕೂದಲಿನಲ್ಲಿ ಬುಡ ಒಂದು ಕಡೆ, ತುದಿ ಒಂದು ಕಡೆ ಇರುವಂತೆ ಕಟ್ಟಬಹುದು, ಆದ್ದರಿಂದ ಅದಕ್ಕೆ ಬೆಲೆ. ಬಾಚಣಿಗೆಗೆ ಬಂದ ಕೂದಲ ಉಂಡೆಯಲ್ಲಿ ಬುಡ ತುದಿ ಬೆರೆತಿರುತ್ತವೆ. ಎಳೆಯ ಮೇಲಿನ ಸೂಕ್ಷ್ಮ ಹುರುಪೆಗಳು ಎದುರುಬದುರಾಗಿ ಸಿಕ್ಕು ಬೀಳುತ್ತವೆ. ಕಾರ್ಖಾನೆಗಳು ಇದಕ್ಕೆ ಆಮ್ಲದಲ್ಲಿ ಅದ್ದಿ ಹುರುಪೆ ಕಳೆದು, ಸಿಲಿಕೋನ್ ಸವರಿ ಹೊಳಪು ಕೊಡುವ ದಾರಿ ಹಿಡಿದಿವೆ. ಆ ಹೊಳಪು ಕೆಲವೇ ತೊಳೆತಕ್ಕೆ ಹೋಗುತ್ತದೆ, ಇರುವಷ್ಟು ದಿನವೂ ಪಕ್ಕದ ಸ್ವಂತ ಕೂದಲಿನ ಜೊತೆ ಹೊಂದುವುದಿಲ್ಲ. ಹಿಂದಿನ ಹೆಂಗಸರು ದಿನವೂ ಬಾಚಣಿಗೆಯಿಂದ ತೆಗೆದ ಕೂದಲನ್ನು ಬೆರಳಿಗೆ ಸುತ್ತಿ ಕೂಡಿಟ್ಟು, ತಮ್ಮದೇ ಕೂದಲಿನಿಂದ ಚೌರಿ ಕಟ್ಟಿಸಿಕೊಳ್ಳುತ್ತಿದ್ದರು. ಅದು ಸಿಕ್ಕು ಬೀಳುತ್ತಿತ್ತು, ನಿಜ. ಆದರೆ ಬಣ್ಣ, ದಪ್ಪ, ಹೊಳಪು ಮೂರರಲ್ಲೂ ಅದಕ್ಕಿಂತ ಹತ್ತಿರದ ಹೊಂದಾಣಿಕೆಯನ್ನು ಯಾವ ಅಂಗಡಿಯೂ ಕೊಡಲಾರದು. ಇಪ್ಪತ್ತೈದರಲ್ಲಿ ಉದುರಿದ್ದನ್ನು ನಲವತ್ತರಲ್ಲಿ ಮತ್ತೆ ಮುಡಿಯುವ ಈ ಕ್ರಮ ನನ್ನ ಮಟ್ಟಿಗೆ ನಮ್ಮ ಮನೆವಾರ್ತೆಯ ಅತ್ಯಂತ ಚೆಲುವಾದ ರೂಢಿಗಳಲ್ಲೊಂದು. ನೈಲಾನ್ ಚೌರಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಚೌರಿ ಸೋಲುವ ಜಾಗವೊಂದಿದೆ, ಅದು ಬೈತಲೆ. ಹೆಂಗಸರಲ್ಲಿ ಕೂದಲು ತೆಳುವಾಗುವ ಸಾಮಾನ್ಯ ರೀತಿಯಲ್ಲಿ ಹಣೆಯಂಚು ಉಳಿದು ನಡುನೆತ್ತಿ ಬಯಲಾಗುತ್ತದೆ. ಲುಡ್ವಿಗ್ 1977ರಲ್ಲಿ ಮಾಡಿದ ಮೂರು ಹಂತದ ವಿಂಗಡಣೆ ಇದನ್ನೇ ಆಧರಿಸಿದೆ. ಹಿಂದೆ ತುಂಬಿದ ಜಡೆ, ಮುಂದೆ ಬೆರಳಗಲದ ಬೈತಲೆ ಇದ್ದಾಗ ಜಡೆಯೇ ಬೈತಲೆಯನ್ನು ಎತ್ತಿ ತೋರಿಸಿಬಿಡುತ್ತದೆ. ಬೈತಲೆಯನ್ನು ನಡುವಿನಿಂದ ಪಕ್ಕಕ್ಕೆ ಸರಿಸುವುದು, ನೇರ ಗೆರೆಯ ಬದಲು ಅಂಕುಡೊಂಕಾಗಿ ತೆಗೆಯುವುದು, ಹಬ್ಬ ಮದುವೆಗಳಲ್ಲಿ ಬೈತಲೆ ಬೊಟ್ಟು ಇಡುವುದು, ಇವು ಚೌರಿಯ ಜೊತೆಗೇ ಕಲಿಯಬೇಕಾದವು. ತೆಳುವಾಗಿದ್ದಷ್ಟೂ ಚೌರಿಯೂ ಸಣ್ಣದಿರಬೇಕು. ತನ್ನ ಜಡೆಯ ಅರ್ಧಕ್ಕಿಂತ ಹೆಚ್ಚು ಸೇರಿಸಿದರೆ ಸುಳ್ಳು ಕಾಣುತ್ತದೆ, ಬುಡವೂ ನೋಯುತ್ತದೆ.

ಸುಳ್ಳು ಎಂಬ ಪದ ಬಂದದ್ದರಿಂದ, ಚೌರಿಯನ್ನು ಬೇರೆ ದಿಕ್ಕಿನಿಂದ ಅಲ್ಲಗಳೆಯುವವರಿಗೆ ಉತ್ತರಿಸಬೇಕು. ಉದ್ದ ಜಡೆಯ ಆದರ್ಶವೇ ಹೆಣ್ಣಿನ ಮೇಲೆ ಹೇರಿದ್ದು, ಚೌರಿ ಆ ಹೇರಿಕೆಗೆ ತಲೆಬಾಗುವ ಸಾಧನ, ಇದ್ದದ್ದನ್ನು ಇದ್ದಂತೆ ಒಪ್ಪಿಕೊಳ್ಳುವುದೇ ಬಿಡುಗಡೆ ಎಂಬ ವಾದವನ್ನು ಗಂಭೀರವಾಗಿ ಬರೆಯುವವರೇ ಮುಂದಿಡುತ್ತಾರೆ. ಅದರ ಅರ್ಧವನ್ನು ಒಪ್ಪುತ್ತೇನೆ. ವಧುಪರೀಕ್ಷೆಗೆ ಬಂದವರು ಜಡೆ ಹಿಡಿದು ನೋಡುತ್ತಿದ್ದ ಕಾಲವನ್ನು ಯಾರೂ ಮರಳಿ ಬಯಸಬೇಕಿಲ್ಲ. ಆದರೆ ಒಪ್ಪಿಕೋ ಎಂಬ ಉಪದೇಶ ಗಂಡಿಗೂ ಹೆಣ್ಣಿಗೂ ಒಂದೇ ಬೆಲೆಗೆ ಸಿಗುವುದಿಲ್ಲ. ರಾಜ್ ಬಿ. ಶೆಟ್ಟಿ ನಿರ್ದೇಶಿಸಿ ನಟಿಸಿದ ‘ಒಂದು ಮೊಟ್ಟೆಯ ಕಥೆ’ 2017ರಲ್ಲಿ ಬಂದಾಗ, ತಲೆ ಬೋಳಾಗುತ್ತಿರುವ ಕನ್ನಡ ಮೇಷ್ಟ್ರ ಸಂಕಟವನ್ನು ನಾವೆಲ್ಲ ಪ್ರೀತಿಯಿಂದ ನೋಡಿದೆವು. ಹಿಂದಿಯಲ್ಲಿ 2019ರ ನವೆಂಬರ್ ಒಂದರಲ್ಲೇ ಅಂಥ ಎರಡು ಚಿತ್ರಗಳು ಬಂದವು, ಅದರಲ್ಲೊಂದು ಇದರದೇ ರೀಮೇಕು. ಗಂಡಿನ ಬೋಳುತಲೆಗೆ ನಾಯಕನ ಪಟ್ಟವಿದೆ, ನಗುವಿದೆ, ಕೊನೆಗೊಂದು ಸಮಾಧಾನವಿದೆ. ಬೈತಲೆ ಅಗಲವಾಗುತ್ತಿರುವ ಹೆಂಗಸಿಗೆ ಅಂಥ ಕಥೆ ಎಲ್ಲಿದೆ? ಅವಳ ಸಂಕಟ ಬಚ್ಚಲಿನಲ್ಲಿ, ಬಾಚಣಿಗೆಯ ಮುಂದೆ, ಮಾತಿಲ್ಲದೆ ನಡೆಯುತ್ತದೆ. ಅವಳ ಕೈಯಿಂದ ಚೌರಿಯನ್ನು ಕಿತ್ತುಕೊಂಡು ಸ್ವೀಕಾರದ ಪಾಠ ಹೇಳುವವರು ಆ ಪಾಠಕ್ಕೆ ತಕ್ಕ ಸಮಾಜವನ್ನು ಮೊದಲು ಕಟ್ಟಿಕೊಡಲಿ.

ಚೌರಿ ಮೋಸವೆಂಬ ಇನ್ನೊಂದು ಆಕ್ಷೇಪವನ್ನು ನಾನು ಒಪ್ಪುವುದೇ ಇಲ್ಲ. ಭರತನಾಟ್ಯದ ಹುಡುಗಿಯ ಸೊಂಟ ದಾಟಿದ ಜಡೆ ಅವಳದೇ ಎಂದು ಸಭೆಯಲ್ಲಿ ಯಾರೂ ನಂಬಿ ಕುಳಿತಿರುವುದಿಲ್ಲ. ನೆರೆಮನೆಯವಳಿಗೆ, ಅತ್ತಿಗೆಗೆ, ಜಡೆ ಹಾಕಿಕೊಟ್ಟ ಚಿಕ್ಕಮ್ಮನಿಗೆ ಚೌರಿಯ ವಿಷಯ ಗೊತ್ತೇ ಇರುತ್ತದೆ. ಅದನ್ನು ಎರವಲು ತರುತ್ತಿದ್ದದ್ದೂ ಉಂಟು. ಕೂದಲು ಬೆಳೆಸುತ್ತೇನೆಂದು ಚೌರಿ ಯಾರಿಗೂ ಮಾತು ಕೊಟ್ಟಿಲ್ಲ. ಆ ಮಾತು ಕೊಟ್ಟದ್ದು ಬಾಟಲಿಗಳು.

ಈಗ ಮದುವೆಮನೆಗಳಲ್ಲಿ ಸಿದ್ಧ ಜಡೆ ಬಂದಿದೆ. ಸ್ವಂತ ಕೂದಲನ್ನು ಗಂಟು ಹಾಕಿ, ಮೊದಲೇ ಹೆಣೆದಿಟ್ಟ ಜಡೆಯನ್ನು ಮೇಲೆ ಪಿನ್ನುಗಳಿಂದ ಸಿಕ್ಕಿಸಿಬಿಡುತ್ತಾರೆ. ಹತ್ತು ನಿಮಿಷದ ಕೆಲಸ. ಅದರಲ್ಲಿ ಹುಡುಗಿಯ ಕೂದಲಿಗೆ ಪಾತ್ರವೇ ಇಲ್ಲ, ತಲೆ ತಿರುಗಿಸಿದಾಗ ಜಡೆ ತಲೆಯ ಜೊತೆ ಬರುವುದಿಲ್ಲ. ಬ್ಯೂಟಿಷಿಯನ್ ಕೋರ್ಸುಗಳಲ್ಲಿ ಟೇಪು ಹಚ್ಚಲು, ಕ್ಲಿಪ್ಪು ಕೂರಿಸಲು ಪಾಠವಿದ್ದಂತೆ ಚೌರಿಗೂ ಒಂದು ಪಾಠ ಬೇಕು. ಗಂಟನ್ನು ಎಷ್ಟನೇ ಹೆಣಿಗೆಗೆ ಸೇರಿಸಬೇಕು, ಬಾಲವನ್ನು ಒಳಗಿಟ್ಟು ಹೇಗೆ ಹೆಣೆಯಬೇಕು, ಎಷ್ಟು ಸಣ್ಣ ಕೂದಲಿಗೆ ಎಷ್ಟು ತೂಕ ಸಾಕು ಎಂಬುದನ್ನು ಬಲ್ಲ ಹೆಂಗಸರು ಊರೂರಲ್ಲಿ, ನೃತ್ಯಶಾಲೆಗಳ ಬಣ್ಣದ ಕೋಣೆಗಳಲ್ಲಿ ಇನ್ನೂ ಇದ್ದಾರೆ. ಆ ಪಾಠಕ್ಕೆ ಅವರನ್ನೇ ಕರೆಯಬೇಕು, ಸಂಬಳ ಕೊಟ್ಟು ಕರೆಯಬೇಕು.