ನೆರಳು ಯಾರ ಮೇಲೆ?

ಗಝೀಬೊ ಎಂಬುದಕ್ಕೆ ಕನ್ನಡದ ಪದ ಹುಡುಕಿದವರು ಸಾಮಾನ್ಯವಾಗಿ ‘ಮಂಟಪ’ಕ್ಕೆ ಬಂದು ನಿಲ್ಲುತ್ತಾರೆ. ನಾಲ್ಕಾರು ಕಂಬ, ಮೇಲೊಂದು ಚಾವಣಿ, ಸುತ್ತ ಗೋಡೆಯಿಲ್ಲ. ನೋಡುವುದಕ್ಕೆ ಎರಡೂ ಒಂದೇ. ಆದರೆ ಕಲಬುರಗಿಯಲ್ಲಿ ಬೆಳೆದ ನನಗೆ ಈ ಅನುವಾದ ಸರಿಹೊಂದುವುದಿಲ್ಲ. ಕಂಬ ಎಷ್ಟಿವೆ ಎಂದು ಎಣಿಸುವ ಬದಲು ನೆರಳು ಯಾರ ಮೇಲೆ ಬೀಳುತ್ತದೆ ಎಂದು ನೋಡಿದರೆ ಇವೆರಡೂ ಬೇರೆ ಬೇರೆ ಕಟ್ಟಡಗಳು.

ಬೆಂಗಳೂರಿನ ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡನ್ನೇ ತೆಗೆದುಕೊಳ್ಳಿ. ಅದೇ ಉದ್ಯಾನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋದಾಗಲೆಲ್ಲ ನಾನು ಅದರ ಬಳಿ ಕೂತು ಬುತ್ತಿ ಬಿಚ್ಚುತ್ತೇನೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಟ್ಟಿದ ಎಂಟು ಮೂಲೆಯ, ಎರಕದ ಕಬ್ಬಿಣದ ರಚನೆ ಅದು. ಸ್ವಾತಂತ್ರ್ಯಪೂರ್ವದಲ್ಲಿ ಬ್ರಿಟಿಷ್ ಸೇನೆಯ ವಾದ್ಯಮೇಳ ಅಲ್ಲಿ ನುಡಿಸುತ್ತಿತ್ತು. ಕಬ್ಬಿಣವೇ ಏಕೆ ಎಂಬ ಪ್ರಶ್ನೆಗೆ ಪಕ್ಕದ ಲಾಲ್‌ಬಾಗ್ ಉತ್ತರ ಕೊಡುತ್ತದೆ. 1889ರಲ್ಲಿ ಅಡಿಗಲ್ಲು ಹಾಕಿದ ಅಲ್ಲಿನ ಗಾಜಿನ ಮನೆಯ ಕಬ್ಬಿಣ ಬಂದದ್ದು ಗ್ಲಾಸ್ಗೋದ ಎರಕದ ಕಾರ್ಖಾನೆಯಿಂದ. ಕಂಬ, ಕಟಾಂಜನ, ಬಳ್ಳಿ ಚಿತ್ತಾರ ಎಲ್ಲವನ್ನೂ ಅಚ್ಚಿನಲ್ಲಿ ಎರೆದು, ಹಡಗಿಗೇರಿಸಿ, ಸಾಮ್ರಾಜ್ಯದ ಯಾವ ಊರಿನಲ್ಲಿ ಬೇಕಾದರೂ ಜೋಡಿಸಬಹುದಾಗಿದ್ದ ಕಾಲ ಅದು. ಅಂದರೆ ಉದ್ಯಾನದ ಕಬ್ಬಿಣದ ಮಂಟಪ ಹುಟ್ಟಿನಿಂದಲೇ ಯಾವ ಊರಿಗೂ ಸೇರದ ವಸ್ತು.

ಬ್ಯಾಂಡ್‌ಸ್ಟ್ಯಾಂಡ್ ಚಾವಣಿ ಕೊಡುವುದು ನುಡಿಸುವವರಿಗೆ. ಕೇಳುವವರು ಹೊರಗೆ, ಹುಲ್ಲಿನ ಮೇಲೆ, ಬಿಸಿಲಲ್ಲೋ ಮರದಡಿಯಲ್ಲೋ. ಇಂಗ್ಲೆಂಡಿನ ಹವೆಗೆ ಅದು ಸರಿ, ಅಲ್ಲಿ ಬಿಸಿಲು ಸಿಕ್ಕರೆ ಹಬ್ಬ. ಬೆಂಗಳೂರಿನ ಸಂಜೆಗೂ ನಡೆದೀತು. ಕಲಬುರಗಿಯ ಮೇ ತಿಂಗಳಿಗೆ?

ನಮ್ಮ ಕಡೆಯ ಮಂಟಪದ ಲೆಕ್ಕ ತಿರುಗುಮುರುಗು. ಶರಣಬಸವೇಶ್ವರ ಗುಡಿಯ ಸಭಾಮಂಟಪದ ಕೆತ್ತಿದ ಕಮಾನುಗಳ ಕೆಳಗೆ ಹೊತ್ತು ಕಳೆಯುವವರು ಬಂದವರೇ: ನಡೆದು ದಣಿದವರು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಂದಿರು, ದರ್ಶನ ಮುಗಿಸಿಯೂ ಮನೆಗೆ ಹೋಗಲು ಅವಸರವಿಲ್ಲದ ಮುದುಕರು. ಹೋಳಿಯ ನಂತರದ ಐದನೇ ದಿನ ತೇರು ಎಳೆಯುವ ಹೊತ್ತಿಗೆ ಬಿಸಿಲು ಆಗಲೇ ನೆತ್ತಿ ಸುಡುತ್ತಿರುತ್ತದೆ. ಆ ಬಿಸಿಲಿನಿಂದ ಕಮಾನಿನ ಕೆಳಗೆ ಕಾಲಿಟ್ಟವರಿಗೆ ವಾಸ್ತುಶಿಲ್ಪದ ಪಾಠ ಹೇಳಬೇಕಾಗಿಲ್ಲ. ಕೋಟೆಯೊಳಗಿನ ಜಾಮಿ ಮಸೀದಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 1367ರ ಈ ಮಸೀದಿಯ ವಿಶೇಷ ಅದರ ಅಂಗಳ. ಬೇರೆ ಕಡೆ ಆಕಾಶಕ್ಕೆ ತೆರೆದಿರುವ ಅಂಗಳವನ್ನು ಇಲ್ಲಿ ಪೂರ್ತಿ ಚಾವಣಿಯಿಂದ ಮುಚ್ಚಿದ್ದಾರೆ, ಬೆಳಕು ಪಕ್ಕದ ಅಗಲ ಕಮಾನುಗಳಿಂದ ತಗ್ಗಿ ಒಳಬರುತ್ತದೆ. ಅದರ ಕಾರಣಗಳ ಬಗ್ಗೆ ವಿದ್ವಾಂಸರು ವಾದಿಸಲಿ. ನಾನಂತೂ ಅದನ್ನು ಸೇರಿದ ಜನರ ತಲೆಯ ಮೇಲೆ ಹಿಡಿದ ಕೊಡೆಯಂತೆಯೇ ಓದುತ್ತೇನೆ. ಗುಡಿಯದು ಬೇರೆ ಕಾಲ, ಬೇರೆ ಧರ್ಮ. ನೆರಳಿನ ತರ್ಕ ಮಾತ್ರ ಒಂದೇ.

ಹಾಗೆಂದು ಮಂಟಪವನ್ನು ಕೊಂಡಾಡಿ ಸುಮ್ಮನಾಗುವಂತಿಲ್ಲ. ಕರ್ನಾಟಕದಲ್ಲಿ ಯಾವ ಮಂಟಪದ ಬಗ್ಗೆ ಬರೆದರೂ ಅದರ ಮೆಟ್ಟಿಲು ಯಾರಿಗೆ ತೆರೆದಿತ್ತು, ಯಾರನ್ನು ಹೊರಗೆ ನಿಲ್ಲಿಸಿತ್ತು ಎಂದು ಕೇಳಲೇಬೇಕು. ಹನ್ನೆರಡನೇ ಶತಮಾನದ ಕಲ್ಯಾಣದ ಅನುಭವ ಮಂಟಪ ನಮ್ಮ ಸಾಹಿತ್ಯದಲ್ಲಿ ಇಷ್ಟು ದೊಡ್ಡ ರೂಪಕವಾಗಲು ಆ ಪ್ರಶ್ನೆಯೇ ಕಾರಣ. ಅಲ್ಲಿ ಮಂಟಪ ಎಂದರೆ ಮೊದಲು ಮಾತು, ಆಮೇಲೆ ಕಲ್ಲು. 2021ರಲ್ಲಿ ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ಯೋಜನೆಯಲ್ಲಿ 770 ಕಂಬಗಳಿವೆ. ಕಂಬದ ಲೆಕ್ಕ ಸುದ್ದಿಯಾದಷ್ಟು ಅದರ ಕೆಳಗೆ ಯಾರು, ಏನು ಮಾತಾಡುತ್ತಾರೆ ಎಂಬುದು ಸುದ್ದಿಯಾಗಲಿಲ್ಲ. ಈ ದೃಷ್ಟಿಯಿಂದ ಸಾರ್ವಜನಿಕ ಉದ್ಯಾನದ ಗಝೀಬೊಗೆ ಒಂದು ನ್ಯಾಯ ಸಲ್ಲಲೇಬೇಕು: ಅದರ ಬಾಗಿಲಲ್ಲಿ ಜಾತಿ ಕೇಳುವವರಿಲ್ಲ, ಏಕೆಂದರೆ ಅದಕ್ಕೆ ಬಾಗಿಲೇ ಇಲ್ಲ.

ಕಬ್ಬನ್ ಪಾರ್ಕಿನಲ್ಲಿ ಈಗ ಬ್ಯಾಂಡ್‌ಸ್ಟ್ಯಾಂಡಿನ ಬಳಿ ಇನ್ನೊಂದು ಲೋಹವೂ ಬಂದು ನಿಂತಿದೆ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕುದುರೆಯೇರಿದ ಕಂಚಿನ ಪ್ರತಿಮೆ, ಶಿಲ್ಪಿ ಮಾರೊಚೆಟ್ಟಿ. 1866ರಲ್ಲಿ ಪರೇಡ್ ಮೈದಾನದಲ್ಲಿ ನಿಲ್ಲಿಸಿದ್ದನ್ನು ಮುಂದೆ ಅಠಾರಾ ಕಚೇರಿಯ ಮುಂದಕ್ಕೆ ಒಯ್ದರು, 2020ರಲ್ಲಿ ಅಲ್ಲಿಂದ ಉದ್ಯಾನದೊಳಕ್ಕೆ ತಂದರು. ಕಂಚಿನ ಕೆಲಸ ಒಳ್ಳೆಯದೇ. ಆದರೆ ಸವಾರ ಮೂರು ಕಡೆ ನಿಂತದ್ದು ನೋಡಿದರೆ ಪ್ರತಿಮೆಯ ದೌರ್ಬಲ್ಯ ತಿಳಿಯುತ್ತದೆ. ಅಧಿಕಾರ ಬದಲಾದಂತೆ ಪ್ರತಿಮೆಯ ಜಾಗ ಬದಲಾಗುತ್ತದೆ. ಬ್ಯಾಂಡ್‌ಸ್ಟ್ಯಾಂಡನ್ನು ಯಾರೂ ಕದಲಿಸಲಿಲ್ಲ. ಸೇನೆಯ ಮೇಳ ಹೋಯಿತು, ಇತ್ತೀಚೆಗೆ ಅಲ್ಲಿ ನಮ್ಮ ಸಂಗೀತವೂ ಕೇಳಿಸಿತು. ಖಾಲಿ ಇರುವುದೇ ಅದರ ಶಕ್ತಿ. ನಡುವೆ ಯಾರನ್ನೂ ಕೂರಿಸಿ ಬೀಗ ಹಾಕಿಲ್ಲ. ಚಾವಣಿಯ ಕೆಳಗೆ ಒಂದು ಲೋಹಶಿಲ್ಪ ಇಟ್ಟು ಸುತ್ತ ಸರಪಳಿ ಹಾಕುವ ಈಚಿನ ಅಭ್ಯಾಸ ನನಗೆ ಒಗ್ಗದಿರುವುದು ಇದಕ್ಕೇ. ನೆರಳೆಲ್ಲ ಶಿಲ್ಪಕ್ಕೆ, ಬಿಸಿಲು ನೋಡುಗರಿಗೆ!

ಕಲಬುರಗಿ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಬೆಂಗಳೂರಿನ ದಂಡುಪ್ರದೇಶದ ಉದ್ಯಾನ ಸಂಸ್ಕೃತಿ ನಮ್ಮ ನೆನಪಲ್ಲ, ಹಾಗಾಗಿ ಅದರ ನಕಲೂ ನಮಗೆ ಬೇಕಾಗಿಲ್ಲ. ಲೋಹವೇ ಬೇಕೆಂದರೆ ನೆರೆಯ ಬೀದರಿನಲ್ಲಿ ಬಿದರಿ ಇದೆ. ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ದು, ಗೆರೆ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ ಲೇಪ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆದರೆ ಇದು ಅಂಗೈಯ ಕಲೆ. ಹುಕ್ಕಾದ ಬುಡ, ಹೂದಾನಿ, ಪೆಟ್ಟಿಗೆ ಇವು ಅದರ ಅಳತೆ. ಹೂದಾನಿಯನ್ನು ಹತ್ತು ಅಡಿಗೆ ಹಿಗ್ಗಿಸಿ ವೃತ್ತದಲ್ಲಿ ನಿಲ್ಲಿಸಿದರೆ ಅದು ಬಿದರಿಯಲ್ಲ, ಬಿದರಿಯ ಜಾಹೀರಾತು. ಮೇಲಾಗಿ ಕಪ್ಪು ಲೋಹವನ್ನು ನಮ್ಮ ಮಧ್ಯಾಹ್ನದ ಬಿಸಿಲಲ್ಲಿ ಮುಟ್ಟಿ ನೋಡಬೇಕು. ಮುಟ್ಟಲಾಗದ ಶಿಲ್ಪವನ್ನು ಮಕ್ಕಳು ಓಡಾಡುವ ಉದ್ಯಾನದಲ್ಲಿ ಇಡುವುದು ಯಾರಿಗಾಗಿ?

ಬಿದರಿಯಿಂದ ಕಲಿಯಬೇಕಾದದ್ದು ಆಕಾರವನ್ನಲ್ಲ, ಕೈಗೆ ಎಟುಕುವ ಅದರ ಗುಣವನ್ನು. ಗುಡಿಯ ಪಕ್ಕದ ಅಪ್ಪನ ಕೆರೆಯ ದಂಡೆಗೆ ಯಾರಾದರೂ ಕಲಾವಿದರು ಮಂಟಪವೊಂದನ್ನು ಯೋಚಿಸುವುದಾದರೆ ನನ್ನ ಕೋರಿಕೆ ಇಷ್ಟೇ. ಚಾವಣಿ ಕಲ್ಲಿನದಿರಲಿ, ಸೂರು ತಗ್ಗಿರಲಿ, ಪಡುವಣ ಬಿಸಿಲಿಗೆ ಒಂದು ಜಾಲಂದ್ರ ಇರಲಿ. ಲೋಹದ ಚಿತ್ತಾರವನ್ನು ನೆರಳಿನ ಒಳಮೈಗೆ, ಕೂತವರ ಕೈಗೆ ಸಿಗುವ ಎತ್ತರದಲ್ಲಿ ಕೂರಿಸಲಿ. ನಡುವಿನ ಜಾಗ ಖಾಲಿ ಬಿಡಲಿ. ಬಸ್ಸಿಗೆ ಇನ್ನೂ ಹೊತ್ತಿರುವ ಯಾರೋ ಅಲ್ಲಿ ಚೀಲವನ್ನು ತಲೆದಿಂಬು ಮಾಡಿಕೊಂಡು ಮಲಗಿದರೆ ಕಾವಲುಗಾರ ಬಂದು ಎಬ್ಬಿಸದಿರಲಿ.