ನಿಪ್ಪಾಣಿಯ ಹನ್ನೆರಡು ಮಂದಿ ಮತ್ತು ನಮ್ಮ ವೀರರ ಪಟ್ಟಿ

ಚಿಕ್ಕೋಡಿಯಿಂದ ಹೊರಟು ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳನ್ನು ಒಂದು ಸುತ್ತು ಹಾಕಿ ಬಂದರೆ, ಈ ಸೀಮೆ ಯಾರನ್ನು ವೀರರೆಂದು ಒಪ್ಪಿಕೊಂಡಿದೆ ಎಂಬುದು ಪುಸ್ತಕ ತೆರೆಯದೆಯೇ ತಿಳಿಯುತ್ತದೆ. ಸರ್ಕಲ್ಲುಗಳಲ್ಲಿ, ಯುವಕ ಮಂಡಳಗಳ ಬೋರ್ಡುಗಳಲ್ಲಿ, ಟೆಂಪೋಗಳ ಹಿಂಬದಿಯಲ್ಲಿ ಬಸವಣ್ಣ, ಶಿವಾಜಿ, ಅಂಬೇಡ್ಕರ್, ಚೆನ್ನಮ್ಮ, ರಾಯಣ್ಣ ಇದ್ದಾರೆ. ಇವರಲ್ಲಿ ಯಾರ ಬಗೆಗೂ ನಮ್ಮ ತಕರಾರಿಲ್ಲ. ನಮ್ಮ ಪ್ರಶ್ನೆ ಬೇರೆ. ಈ ಪಟ್ಟಿಯನ್ನು ಬರೆಯುವವರು ಯಾರು? ಇದರಲ್ಲಿ ಸೇರದೆ ಉಳಿದವರು ಯಾಕೆ ಉಳಿದರು?

ಸರ್ಕಾರ ಬರೆಯುತ್ತದೆ ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಭಗತ್ ಸಿಂಗ್ ಅವರನ್ನು ಹುತಾತ್ಮರೆಂದು ಘೋಷಿಸಿದ ಯಾವುದೇ ದಾಖಲೆ ತನ್ನ ಬಳಿ ಇಲ್ಲವೆಂದು ಕೇಂದ್ರ ಗೃಹ ಸಚಿವಾಲಯವೇ 2013ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರ ಕೊಟ್ಟಿತ್ತು. ಹಾಗೆಂದು ಭಗತ್ ಸಿಂಗ್ ಯಾರ ಮನಸ್ಸಿನಲ್ಲೂ ಚಿಕ್ಕವರಾಗಲಿಲ್ಲ. ನಮ್ಮದೇ ಜಿಲ್ಲೆಯ ಸಂಗೊಳ್ಳಿ ರಾಯಣ್ಣನನ್ನು ನೋಡಿ. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಲಾವಣಿಕಾರರು ಅವನನ್ನು ಹಾಡಿದರು, ಮಕ್ಕಳಿಲ್ಲದ ಹೆಣ್ಣುಮಕ್ಕಳು ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ತೊಟ್ಟಿಲು ಕಟ್ಟಿ ಹರಕೆ ಹೊತ್ತರು. ಬೆಂಗಳೂರಿನ ರೈಲು ನಿಲ್ದಾಣಕ್ಕೆ ಅವನ ಹೆಸರು ಬಂದದ್ದು ಸಾವಿನ ಸುಮಾರು 185 ವರ್ಷಗಳ ಮೇಲೆ. ಜನ ಮೊದಲೇ ತೀರ್ಮಾನಿಸಿದ್ದರು, ಸರ್ಕಾರ ತಡವಾಗಿ ರುಜು ಹಾಕಿತು. ಅಂಬೇಡ್ಕರರ ವಿಷಯವೂ ಹೀಗೆಯೇ. ಬಹಿಷ್ಕೃತ ಹಿತಕಾರಿಣಿ ಸಭೆಯ ಸಮ್ಮೇಳನಕ್ಕಾಗಿ ಅವರು ನಿಪ್ಪಾಣಿಗೆ ಬಂದದ್ದು 1925ರಲ್ಲಿ. ದೇಶ ಅವರಿಗೆ ಭಾರತರತ್ನ ಕೊಟ್ಟದ್ದು 1990ರಲ್ಲಿ, ಅವರು ತೀರಿಕೊಂಡು 33 ವರ್ಷಗಳಾದ ನಂತರ.

ಸರ್ಕಾರದ ಆದೇಶವನ್ನೇ ನಂಬಿ ನಿಂತ ವೀರನ ಗತಿ ಏನಾಗುತ್ತದೆಂಬುದನ್ನು ಟಿಪ್ಪುವಿನ ಜಯಂತಿಯಲ್ಲಿ ಕಂಡಿದ್ದೇವೆ. 2015ರಲ್ಲಿ ಒಂದು ಸರ್ಕಾರ ಅದನ್ನು ಆರಂಭಿಸಿತು. 2019ರ ಜುಲೈ 30ರಂದು ಇನ್ನೊಂದು ಸರ್ಕಾರ ರದ್ದು ಮಾಡಿತು. ನಡುವಿನ ವರ್ಷಗಳಲ್ಲಿ ಟಿಪ್ಪುವಿನ ಆಡಳಿತ, ಅವನ ಯುದ್ಧಗಳು, ಅವನ ತಪ್ಪು ಒಪ್ಪುಗಳನ್ನು ಓದಿದವರಿಗಿಂತ ಅವನ ಪರ ವಿರೋಧ ಕೂಗಿದವರೇ ಹೆಚ್ಚು. ನಮ್ಮನ್ನೂ ಸೇರಿಸಿಯೇ ಈ ಮಾತು ಹೇಳುತ್ತಿದ್ದೇವೆ. ನಮ್ಮವನೊಬ್ಬನ ಹೆಸರು ಪಟ್ಟಿಯಲ್ಲಿದ್ದರೆ ನಾವೂ ಈ ದೇಶದವರೆಂದು ಸಾಬೀತಾಗುತ್ತದೆ ಎಂದು ಭಾವಿಸಿ, ಅರ್ಜಿ ಹಿಡಿದು ನಿಂತೆವು. ಪಟ್ಟಿಯೇ ಸರಿಯಿದೆಯೇ ಎಂದು ಕೇಳುವ ಧೈರ್ಯ ತೋರಲಿಲ್ಲ.

ಈಗ ಪಟ್ಟಿಯಲ್ಲಿಲ್ಲದವರ ಕಡೆ ಬರೋಣ.

ನಿಪ್ಪಾಣಿ ತಂಬಾಕಿನ ಪೇಟೆ. ಬೀಡಿ ತಂಬಾಕು ಬೆಳೆಯುವ ರೈತ ವರ್ಷವೆಲ್ಲಾ ದುಡಿದು ವ್ಯಾಪಾರಿಯ ಬಾಗಿಲಿಗೆ ಹೋದರೆ ದರವೂ ಅವನದೇ, ತೂಕವೂ ಅವನದೇ, ಹಣ ಕೊಡುವ ದಿನವೂ ಅವನದೇ. ಇದರ ವಿರುದ್ಧ 1981ರ ಮಾರ್ಚ್‌ನಲ್ಲಿ ಶೇತಕರಿ ಸಂಘಟನೆಯ ಶರದ ಜೋಶಿ ಹಾಗೂ ನಿಪ್ಪಾಣಿಯ ಸುಭಾಷ ಜೋಶಿಯವರ ಮುಂದಾಳತ್ವದಲ್ಲಿ ಸಾವಿರಾರು ರೈತರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಬಂದು ಕುಳಿತರು. ಮೂರು ವಾರಗಳಿಗೂ ಹೆಚ್ಚು ಕಾಲ ಕುಳಿತರು. ಏಪ್ರಿಲ್ 6ರಂದು ಪೊಲೀಸರು ಗುಂಡು ಹಾರಿಸಿದರು. ಹನ್ನೆರಡು ಮಂದಿ ರೈತರು ಸತ್ತರು. ಆಗ ರಾಜ್ಯದಲ್ಲಿ ಆರ್. ಗುಂಡೂರಾವ್ ಅವರ ಸರ್ಕಾರವಿತ್ತು.

ಊರವರು ಇದನ್ನು ಮರೆತಿಲ್ಲ. ಆದರೆ ಕನ್ನಡ ನಾಡು ಇವರನ್ನು ತನ್ನವರೆಂದು ಎಷ್ಟು ನೆನೆದಿದೆ? ಇದಕ್ಕೆ ಒಂಬತ್ತು ತಿಂಗಳ ಹಿಂದೆ, 1980ರ ಜುಲೈ 21ರಂದು, ನರಗುಂದ–ನವಲಗುಂದದಲ್ಲಿ ರೈತ ಬಂಡಾಯವಾಗಿತ್ತು. ಅಲ್ಲಿ ಗುಂಡಿಗೆ ಬಲಿಯಾದವರನ್ನು ರೈತ ಸಂಘಟನೆಗಳು ಪ್ರತಿ ವರ್ಷ ನೆನೆಯುತ್ತವೆ, ಮಂತ್ರಿಗಳೂ ಮಾಲೆ ಹಾಕಲು ಹೋಗುತ್ತಾರೆ. ಅದು ಸರಿಯಾದದ್ದೇ. ಅದೇ ರಾಜ್ಯದ ನಿಪ್ಪಾಣಿಯ ರೈತರು ಮಾತ್ರ ನಮ್ಮ ರೈತ ಚಳವಳಿಯ ಕಥೆಯಲ್ಲಿ ಅಡಿಟಿಪ್ಪಣಿಯಾದರು. ಅವರ ಘೋಷಣೆಗಳು ಬಹುಮಟ್ಟಿಗೆ ಮರಾಠಿಯಲ್ಲಿದ್ದವು, ಅವರ ಸಂಘಟನೆ ಮಹಾರಾಷ್ಟ್ರದ್ದಾಗಿತ್ತು. ಕನ್ನಡದವರಿಗೆ ಅವರು ಆ ಕಡೆಯವರಾಗಿ ಕಂಡರು.

ಹಾಗಾದರೆ ಆ ಕಡೆಯವರಾದರೂ ಎತ್ತಿಕೊಂಡರೇ? ಶೇತಕರಿ ಸಂಘಟನೆಯ ಚರಿತ್ರೆಯಲ್ಲಿ ಅವರಿಗೆ ಜಾಗವಿದೆ. ಗಡಿ ರಾಜಕೀಯದಲ್ಲಿ ಮಾತ್ರ ಇಲ್ಲ. 1956ರ ಜನವರಿ 17ರಂದು ಬೆಳಗಾವಿಯಲ್ಲಿ ಭಾಷಾ ಪ್ರಾಂತ್ಯದ ಗಲಾಟೆಯ ಗೋಲಿಬಾರಿನಲ್ಲಿ ಸತ್ತವರನ್ನು ಮಹಾರಾಷ್ಟ್ರ ಏಕೀಕರಣ ಸಮಿತಿ ಪ್ರತಿ ವರ್ಷ ಹುತಾತ್ಮರೆಂದು ನೆನೆಯುತ್ತದೆ. ಭಾಷೆಗಾಗಿ ಸತ್ತವರಿಗೆ ಎರಡೂ ಬದಿಯಲ್ಲಿ ವಾರಸುದಾರರು ಸಿಗುತ್ತಾರೆ. ತಂಬಾಕಿನ ಬೆಲೆಗಾಗಿ ಸತ್ತವರ ವಾರಸುದಾರಿಕೆ ಹೊತ್ತುಕೊಂಡರೆ ಯಾರಿಗೂ ಒಂದು ಅಂಗುಲ ನೆಲ ದಕ್ಕುವುದಿಲ್ಲ.

ಇನ್ನೊಂದು ಕಾರಣ ಇದಕ್ಕಿಂತ ಆಳವಾದದ್ದು. ರಾಯಣ್ಣನನ್ನು ಕೊಂದವರು ಇಂಗ್ಲಿಷರು. ಅವರು ಹೋದರು, ಆದ್ದರಿಂದ ಅವನನ್ನು ಹೊಗಳಲು ಯಾರಿಗೂ ಮುಜುಗರವಿಲ್ಲ. ನಿಪ್ಪಾಣಿಯ ಗುಂಡು ನಮ್ಮದೇ ಸರ್ಕಾರದ್ದು. ಅವರನ್ನು ವೀರರೆಂದರೆ ಗುಂಡು ಹಾರಿಸಲು ಹೇಳಿದವರನ್ನು ಏನೆನ್ನಬೇಕೆಂಬ ಪ್ರಶ್ನೆ ಏಳುತ್ತದೆ. ಮಾಲೆ ಹಾಕುವ ಕೈಗೆ ಈ ಪ್ರಶ್ನೆ ಬೇಡವಾಗಿದೆ.

ಹೆಣ್ಣುಮಕ್ಕಳ ಕಥೆ ಇನ್ನೂ ಮರೆಯಾಗಿದೆ. ತಂಬಾಕಿನ ಕಾರ್ಖಾನೆಗಳಲ್ಲಿ ದಿನವಿಡೀ ಧೂಳು ಕುಡಿದು ದುಡಿಯುತ್ತಿದ್ದ ನಿಪ್ಪಾಣಿಯ ಹೆಂಗಸರು ಅದೇ ಕಾಲದಲ್ಲಿ ಸಂಘ ಕಟ್ಟಿ ಕೂಲಿಗಾಗಿ ಹೋರಾಡಿದರು. ಬೆಂಗಳೂರಿನ ಯುಗಾಂತರ ಚಿತ್ರತಂಡದ ದೀಪಾ ಧನರಾಜ್ ಮತ್ತು ಸಂಗಡಿಗರು 1982ರಲ್ಲಿ ಅವರ ಕುರಿತು 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಮರಾಠಿ ಸಾಕ್ಷ್ಯಚಿತ್ರ ಮಾಡಿದರು. ಆ ಹೆಂಗಸರು ಅದರಲ್ಲಿ ತಮ್ಮ ಬಾಯಿಂದಲೇ ತಮ್ಮ ಹೋರಾಟವನ್ನು ಹೇಳಿಕೊಳ್ಳುತ್ತಾರೆ, ಯಾವ ನಾಯಕನ ಹೊಗಳಿಕೆಯೂ ಇಲ್ಲ. ಚಿತ್ರದ ಬೆಲೆ ಇರುವುದೇ ಅಲ್ಲಿ. ಈ ಚಿತ್ರವನ್ನು ಉಳಿಸಿ ಡಿಜಿಟಲ್ ಪ್ರತಿ ಮಾಡಿದ್ದು ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ. ನಮ್ಮೂರ ಹೆಂಗಸರ ಮಾತನ್ನು ಕಾಪಿಡಲು ಜರ್ಮನಿಯವರು ಬೇಕಾಯಿತು ಎನ್ನುವುದು ನಾವು ತಲೆ ತಗ್ಗಿಸಬೇಕಾದ ಸಂಗತಿ.

ಇದೇ ಜಿಲ್ಲೆಯಲ್ಲಿ 2023ರ ಮಾರ್ಚ್‌ನಲ್ಲಿ ರಾಜಹಂಸಗಡದ ಶಿವಾಜಿ ಪ್ರತಿಮೆಯನ್ನು ಒಂದೇ ವಾರದಲ್ಲಿ ಎರಡು ಪಕ್ಷಗಳವರು ಎರಡು ಸಲ ಅನಾವರಣ ಮಾಡಿದರು. ಚುನಾವಣೆಗೆ ಎರಡು ತಿಂಗಳು ಉಳಿದಿತ್ತು. ಆ ಗಡಿಬಿಡಿಯಲ್ಲಿ ಶಿವಾಜಿಯ ವಿಚಾರ ಯಾರಿಗೂ ಬೇಕಿರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಹಂಚಿಕೊಳ್ಳುವುದು ನಮಗೆ ಬಾರದ ವಿದ್ಯೆಯೇನಲ್ಲ. ಅಥಣಿ, ನಿಪ್ಪಾಣಿ, ರಾಯಬಾಗದ ಚಮ್ಮಾರರೂ ಕೊಲ್ಹಾಪುರದ ಚಮ್ಮಾರರೂ ಹೊಲಿಯುವ ಚಪ್ಪಲಿ ಒಂದೇ ಎಂದು ಒಪ್ಪಿ, ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಗುರುತನ್ನು ಎರಡು ರಾಜ್ಯಗಳ ನಾಲ್ಕು ನಾಲ್ಕು ಜಿಲ್ಲೆಗಳಿಗೆ ಜಂಟಿಯಾಗಿ ಕೊಡಲಾಗಿದೆ. ಚಪ್ಪಲಿಗೆ ಸಿಕ್ಕ ನ್ಯಾಯ ಸತ್ತ ರೈತರಿಗೆ ಸಿಗಬಾರದೇ?

ನಾವು ಇನ್ನೊಂದು ಪ್ರತಿಮೆ ಕೇಳುತ್ತಿಲ್ಲ. ಇನ್ನೊಂದು ಜಯಂತಿಯೂ ಬೇಡ. ಈ ಐದು ತಾಲೂಕುಗಳ ಕನ್ನಡ, ಮರಾಠಿ, ಉರ್ದು ಶಾಲೆಗಳಲ್ಲಿ ಏಪ್ರಿಲ್ 6ರ ಆಸುಪಾಸಿನ ಒಂದು ದಿನ ಆ ಹನ್ನೆರಡು ಹೆಸರುಗಳನ್ನು ಮಕ್ಕಳೆದುರು ಓದಲಿ. ಅವರು ಏನು ಕೇಳಿದ್ದರು, ಯಾರು ಗುಂಡು ಹಾರಿಸಿದರು ಎಂಬುದನ್ನೂ ಮುಚ್ಚಿಡದೆ ಹೇಳಲಿ. ಅಷ್ಟು ಕೇಳಿದ ಮಕ್ಕಳು ಮುಂದೆ ವೀರರನ್ನು ತಾವೇ ಗುರುತಿಸಿಕೊಂಡಾರು.