ಇಪ್ಪತ್ತು ಕ್ವಿಂಟಲ್ ಬೇಳೆಯ ಲೆಕ್ಕ

ಯಾದಗಿರಿ, ಶಹಾಪುರ, ಸುರಪುರ ಭಾಗದ ಬೇಳೆ ಗಿರಣಿಯಲ್ಲಿ ಖರ್ಚಿನ ಲೆಕ್ಕ ಸಾಮಾನ್ಯವಾಗಿ ಕ್ವಿಂಟಲ್ ಮೇಲೆ ನಡೆಯುತ್ತದೆ. ತೊಗರಿಯ ದರ, ಅಡತಿ, ಹಮಾಲಿ ನೇರವಾಗಿ ಸರಕಿನ ಮೇಲೆ ಬೀಳುತ್ತವೆ. ಕರೆಂಟ್ ಬಿಲ್, ಸಂಬಳ, ರಿಪೇರಿ, ಪ್ಯಾಕಿಂಗ್ ಕೆಲಸದಂಥ ಮೇಲುಖರ್ಚನ್ನು ಒಟ್ಟುಗೂಡಿಸಿ, ತಿಂಗಳಿಗೆ ತಯಾರಾದ ಬೇಳೆಯಿಂದ ಭಾಗಿಸಿದರೆ ಕ್ವಿಂಟಲ್‌ ಒಂದಕ್ಕೆ ಎಷ್ಟೆಂಬುದು ಸಿಗುತ್ತದೆ. ಇದೇ ಸಾಂಪ್ರದಾಯಿಕ ಪದ್ಧತಿ. ಒಂದೇ ತರಹದ ಬೇಳೆ ದಿನವಿಡೀ ಹೊರಬೀಳುವ ಗಿರಣಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕಿಲ್ಲ.

ಯಾರೋ ಒಬ್ಬ ಖರೀದಿದಾರ ಪಾಲಿಶ್ ಇಲ್ಲದ, ನುಚ್ಚು ಕಾಣದ ಬೇಳೆಯನ್ನು ಒಂದು ಕಿಲೋ ಪೊಟ್ಟಣದಲ್ಲಿ ಕೇಳಿದಾಗ ಈ ಲೆಕ್ಕ ತಪ್ಪುತ್ತದೆ. ತೊಗರಿ ಬೇಳೆಯಾಗುವ ದಾರಿ ಉದ್ದವಾದದ್ದು. ಕಾಳನ್ನು ಹಸನು ಮಾಡಿ, ಗಾತ್ರದ ಪ್ರಕಾರ ಬೇರ್ಪಡಿಸಿ, ಎಮರಿ ರೋಲರಿನಲ್ಲಿ ಸಿಪ್ಪೆಗೆ ಗೀರು ಹಾಕಿ, ಎಣ್ಣೆ ಸವರಿ, ರಾತ್ರಿ ಕೂಡಿಹಾಕಿ, ಬಿಸಿಲಿಗೆ ಹರವಿದ ಮೇಲೆಯೇ ಸಿಪ್ಪೆ ಸುಲಿದು ಒಡೆಯುವುದು. ಸಣ್ಣ ಆರ್ಡರಿಗಾಗಿ ಈ ಸಾಲನ್ನು ನಿಲ್ಲಿಸಿ, ಎಲಿವೇಟರಿನ ತಳದಲ್ಲಿ ಉಳಿದ ಹಳೆಯ ಕಾಳು ತೆಗೆದು, ರೋಲರಿನ ಅಂತರ ಬದಲಿಸಿ, ಮುಗಿದ ಮೇಲೆ ಮತ್ತೆ ಮೊದಲಿನಂತೆ ಮಾಡಬೇಕು. ಇಪ್ಪತ್ತು ಕ್ವಿಂಟಲಿಗೂ ಇನ್ನೂರು ಕ್ವಿಂಟಲಿಗೂ ಈ ಕೆಲಸ ಹೆಚ್ಚುಕಡಿಮೆ ಅಷ್ಟೇ.

ಚಟುವಟಿಕೆ ಆಧಾರಿತ ಪದ್ಧತಿ ಹಿಡಿಯುವುದು ಇದನ್ನೇ. 1980ರ ದಶಕದಲ್ಲಿ ಹಾರ್ವರ್ಡ್‌ನ ರಾಬಿನ್ ಕೂಪರ್ ಮತ್ತು ರಾಬರ್ಟ್ ಕ್ಯಾಪ್ಲನ್ ಇದನ್ನು ಪ್ರಚಾರಕ್ಕೆ ತಂದರು. ಟ್ರ್ಯಾಕ್ಟರ್ ತಯಾರಿಸುವ ಜಾನ್ ಡೀರ್ ಕಂಪನಿಯ ಬಿಡಿಭಾಗ ಕಾರ್ಖಾನೆಯ ಅನುಭವ ಇದರ ಮೊದಲ ಉದಾಹರಣೆಗಳಲ್ಲಿ ಒಂದು. ಖರ್ಚು ಹುಟ್ಟುವುದು ತೂಕದಿಂದಲ್ಲ, ಕೆಲಸದಿಂದ ಎಂಬುದು ಅವರ ವಾದದ ತಿರುಳು.

ಒಂದು ಗಿರಣಿ ತಿಂಗಳಿಗೆ 1,000 ಕ್ವಿಂಟಲ್ ಬೇಳೆ ತಯಾರಿಸುತ್ತದೆ, ಅದರಲ್ಲಿ 20 ಕ್ವಿಂಟಲ್ ವಿಶೇಷ ಆರ್ಡರ್, ಮೇಲುಖರ್ಚು 3,00,000 ರೂಪಾಯಿ ಎಂದಿಟ್ಟುಕೊಳ್ಳಬಹುದು. ಹಳೆಯ ಲೆಕ್ಕದಲ್ಲಿ ಕ್ವಿಂಟಲಿಗೆ 300 ರೂಪಾಯಿ. ಆರ್ಡರಿನ ಪಾಲು 6,000. ಇದೇ ಹಣವನ್ನು ಕೆಲಸವಾರು ಬಿಡಿಸಿದರೆ: ಒಡೆಯುವುದಕ್ಕೆ 1,80,000, ಅಂದರೆ ಕ್ವಿಂಟಲಿಗೆ 180, ಯಂತ್ರ ಬದಲಾವಣೆ 20 ಸಲಕ್ಕೆ 40,000, ಸಲಕ್ಕೆ 2,000, ಬಣ್ಣ ನೋಡಿ ಬೇಳೆ ಆರಿಸುವ ಸಾರ್ಟೆಕ್ಸ್ ಯಂತ್ರದ 350 ಗಂಟೆಗೆ 35,000, ಗಂಟೆಗೆ 100, ಪ್ಯಾಕಿಂಗ್ ಮತ್ತು ರವಾನೆ 30 ಸಲಕ್ಕೆ 45,000, ಸಲಕ್ಕೆ 1,500. ವಿಶೇಷ ಆರ್ಡರಿಗೆ ಮೂರು ಬದಲಾವಣೆ, ನಿಧಾನವಾಗಿ ಎರಡು ಸಲ ಹಾಯಿಸಿದ 20 ಗಂಟೆ ಸಾರ್ಟೆಕ್ಸ್, ಆರು ಕಂತಿನ ರವಾನೆ ಬೇಕಾದರೆ 3,600, 6,000, 2,000, 9,000 ಸೇರಿ 20,600 ರೂಪಾಯಿ. ಕ್ವಿಂಟಲಿಗೆ 1,030! ಉಳಿದ 980 ಕ್ವಿಂಟಲಿನ ಖರ್ಚು 300ರಿಂದ ಸುಮಾರು 285ಕ್ಕೆ ಇಳಿಯುತ್ತದೆ. ಹದಿನೈದು ರೂಪಾಯಿ ಸಣ್ಣದೆನಿಸಬಹುದು, ಆದರೆ ದಿನನಿತ್ಯದ ಬೇಳೆಯ ವ್ಯಾಪಾರ ಕುದುರುವುದೂ ಮುರಿಯುವುದೂ ಇಂಥ ಅಂತರದಲ್ಲೇ. ಹಳೆಯ ಲೆಕ್ಕ ನಂಬಿದ ಗಿರಣಿ ಸಾಮಾನ್ಯ ಬೇಳೆಗೆ ಹೆಚ್ಚು ಕೇಳಿ ಗಿರಾಕಿ ಕಳೆದುಕೊಳ್ಳುತ್ತದೆ, ವಿಶೇಷ ಬೇಳೆಯನ್ನು ಅಗ್ಗಕ್ಕೆ ಕೊಟ್ಟು ಅಂಥದೇ ಆರ್ಡರುಗಳನ್ನು ಮೈಮೇಲೆ ಎಳೆದುಕೊಳ್ಳುತ್ತದೆ.

ಹಾಗೆಂದು ಹೊಸ ಪದ್ಧತಿ ಎಲ್ಲವನ್ನೂ ಕಾಣುತ್ತದೆ ಎನ್ನಲಾಗದು. ನುಚ್ಚಿಲ್ಲದ ಬೇಳೆ ಬೇಕೆಂದರೆ ಇಳುವರಿ ತಗ್ಗುತ್ತದೆ. ವಾಡಿಕೆಯ ಗಿರಣಿಗಳಲ್ಲಿ ಬೇಳೆಯ ಇಳುವರಿ ಶೇ. 70ರಿಂದ 75. ಅದು 72ರಿಂದ 70ಕ್ಕೆ ಇಳಿದರೂ 20 ಕ್ವಿಂಟಲ್ ಬೇಳೆಗೆ ಸುಮಾರು 80 ಕಿಲೋ ತೊಗರಿ ಹೆಚ್ಚು ಬೇಕು. ತೊಗರಿ ಕ್ವಿಂಟಲಿಗೆ 7,000 ರೂಪಾಯಿ ಎಂದರೆ ಇದೊಂದೇ 5,500 ದಾಟುತ್ತದೆ. ನುಚ್ಚು, ಚುನ್ನಿ ಮಾರಿದ ಹಣ ಕಳೆದರೂ ನಷ್ಟ ಉಳಿಯುತ್ತದೆ. ಇದು ಮೇಲುಖರ್ಚಲ್ಲ, ಸರಕಿನ ಖರ್ಚು. ಚಟುವಟಿಕೆಗಳ ಪಟ್ಟಿ ಮಾಡುವ ಉತ್ಸಾಹದಲ್ಲಿ ಇದನ್ನು ಬಿಟ್ಟರೆ ಲೆಕ್ಕ ನಯವಾಗಿ ಕಂಡೂ ತಪ್ಪಾಗಿರುತ್ತದೆ.

ಇನ್ನೊಂದು ತೊಡಕು ಸುಗ್ಗಿಯದು. ಹೊಸ ತೊಗರಿ ಬರುವ ತಿಂಗಳುಗಳಲ್ಲಿ ಯಂತ್ರಕ್ಕೆ ಬಿಡುವಿಲ್ಲ. ಮಳೆಗಾಲದಲ್ಲಿ ಬಿಸಿಲೂ ಸಾಲದು, ಕಾಳೂ ಸಾಲದು. ಬಿಡುವಿನ ತಿಂಗಳ ಸಂಬಳವನ್ನು ಆಗ ಬಂದ ನಾಲ್ಕು ಆರ್ಡರುಗಳ ಮೇಲೆ ಹೊರಿಸಿದರೆ ದರ ವಿನಾಕಾರಣ ಏರುತ್ತದೆ. ಯಂತ್ರ ಎಷ್ಟು ಕೆಲಸ ಮಾಡಬಲ್ಲದೋ ಅದರ ಮೇಲೆ ದರ ಕಟ್ಟಿ, ಖಾಲಿ ಸಾಮರ್ಥ್ಯದ ಖರ್ಚನ್ನು ಬೇರೆಯೇ ತೋರಿಸುವುದು ಸರಿ. ಕ್ಯಾಪ್ಲನ್ ಮತ್ತು ಸ್ಟೀವನ್ ಆಂಡರ್ಸನ್ 2004ರಲ್ಲಿ ಮುಂದಿಟ್ಟ ಸಮಯಾಧಾರಿತ ರೂಪ ಇದನ್ನೇ ಹೇಳುತ್ತದೆ. ಅದಕ್ಕೆ ಬೇಕಾದದ್ದು ಪ್ರತಿ ಕೆಲಸಕ್ಕೆ ಹಿಡಿಯುವ ನಿಮಿಷಗಳ ಅಂದಾಜು ಮತ್ತು ನಿಮಿಷಕ್ಕೆ ತಗಲುವ ಖರ್ಚು ಮಾತ್ರ. ಹೀಗಾಗಿ ಗುಮಾಸ್ತರೊಬ್ಬರೇ ಇರುವ ಗಿರಣಿಗೆ ಇದೇ ಹೊಂದುತ್ತದೆ. ಆದರೂ ಬಿಡುವಿನ ತಿಂಗಳಲ್ಲಿ ಒಂದೇ ಸಲದ ಆರ್ಡರ್ ಒಪ್ಪಬೇಕೋ ಬೇಡವೋ ಎಂಬುದನ್ನು ಹಳೆಯ, ಹೊಸ ಎರಡೂ ಪದ್ಧತಿಗಳು ತೀರ್ಮಾನಿಸಲಾರವು. ಅಲ್ಲಿ ನೋಡಬೇಕಾದದ್ದು ಆ ಆರ್ಡರಿಗಾಗಿ ಹೊಸದಾಗಿ ಕೈಯಿಂದ ಹೋಗುವ ಹಣವನ್ನು ಮಾತ್ರ.

ಚಟುವಟಿಕೆ ಲೆಕ್ಕದ ನಿಜವಾದ ಬೆಲೆ ಮಾತುಕತೆಯಲ್ಲಿ ತಿಳಿಯುತ್ತದೆ. ಶಹಾಪುರ, ಸುರಪುರ ಪಟ್ಟಣಗಳಿಗೆ ರೈಲಿಲ್ಲ. ಸರಕು ಲಾರಿಯಲ್ಲೇ ಹೋಗಬೇಕಾದ್ದರಿಂದ ಕಂತುಗಳ ಸಂಖ್ಯೆ ಮುಖ್ಯ. ಆರು ಕಂತಿನ ಬದಲು ಎರಡರಲ್ಲಿ ಒಯ್ಯಲು ಖರೀದಿದಾರ ಒಪ್ಪಿದರೆ ಮೇಲಿನ ಆರ್ಡರಿನ ಖರ್ಚು 14,600ಕ್ಕೆ, ಅಂದರೆ ಕ್ವಿಂಟಲಿಗೆ 730ಕ್ಕೆ ಇಳಿಯುತ್ತದೆ. ಕ್ವಿಂಟಲಿಗೆ 300 ಎಂದು ಬರೆದ ವಹಿಯಲ್ಲಿ ಈ ದಾರಿ ಕಾಣುವುದೇ ಇಲ್ಲ.